ಸ್ನಾನ ಬೇಡದ ಡಾಕ್ಟ್ರಮ್ಮ

ಯಾರಾದರೂ ಮಕ್ಕಳನ್ನ ಕರ್ಕೊಂಡು ಮನೆಗೆ ಬಂದರೆ ನನ್ನ ಕಣ್ಣು ಮೊದಲು ಹೋಗೋದು ಆ ಮಗುವಿನ ಉಗುರಿಗೆ. ಹೊಸ ಬಟ್ಟೆ, ಕಾಲ್ಗೆಜ್ಜೆ, ಕೊರಳಿನ ಸರ ಯಾವುದೂ ಕಾಣಲ್ಲ. ನನ್ನ ಸೊಸೆ ಇದಕ್ಕೆ ನಗ್ತಾಳೆ. "ಅತ್ತೆ, ಅವರು ಮಗು ತೋರಿಸೋಕೆ ಬಂದ್ರೆ ನೀವು ಬರೀ ಉಗುರು ನೋಡಿ ಕಳಿಸ್ತೀರಲ್ಲ" ಅಂತಾಳೆ. ನಗಲಿ ಬಿಡಿ. ಈ ಅಭ್ಯಾಸ ನನ್ನದಲ್ಲ, ಯಲಹಂಕದ ಡಾಕ್ಟ್ರಮ್ಮನಿಂದ ಬಂದದ್ದು. ಅವರು ಹೋಗಿ ಬಹಳ ವರ್ಷ ಆಯ್ತು. ಅವರದೊಂದು ಫೋಟೋ ಕೂಡ ನನ್ನ ಹತ್ರ ಇಲ್ಲ. ಯಾರ ಹತ್ರವೂ ಇರಲಾರದು, ಇಟ್ಕೊಳ್ಳೋಕೆ ಅವರಿಗೆ ಯಾರಿದ್ದರು? ಹೆಸರನ್ನ ನಾನು ಬರೆಯಲ್ಲ. ಅವರನ್ನ ಹೆಸರು ಹಿಡಿದು ಕರೆದವರನ್ನ ನಾನು ನೋಡಲೇ ಇಲ್ಲ, ಎಲ್ಲರ ಬಾಯಲ್ಲೂ ಡಾಕ್ಟ್ರಮ್ಮ. ಈಗ ನಾನ್ಯಾಕೆ ಹೊಸದಾಗಿ ಶುರು ಮಾಡಲಿ?

ಯಲಹಂಕದ ಹಳೇ ಊರಿನ ಅಂಚಿನಲ್ಲಿ, ಪುಟ್ಟೇನಹಳ್ಳಿ ಕೆರೆ ಕಡೆ ಹೋಗೋ ದಾರಿಯಲ್ಲಿ, ಒಂದು ಹೆಂಚಿನ ಮನೆ ಬಾಡಿಗೆಗೆ ಹಿಡಿದಿದ್ದರು. ಮುಂದಿನ ಕೋಣೆ ದವಾಖಾನೆ, ಹಿಂದಿನ ಕೋಣೆ ಅವರ ಸಂಸಾರ. ಸಂಸಾರ ಅಂದರೆ ಒಂದು ಮಂಚ, ಒಂದು ಸೀಮೆಎಣ್ಣೆ ಸ್ಟೌವು, ಒಂದು ರೇಡಿಯೋ. ಮೈಸೂರಿನ ಕಡೆಯವರು. ಎತ್ತರದ ಆಳು, ಸಪೂರ, ಬಿಗಿಯಾಗಿ ಕಟ್ಟಿದ ಗಂಟು, ದಪ್ಪ ಕನ್ನಡಕ. ದೊಡ್ಡವರ ಹತ್ರ ಗದರಿಸಿ ಮಾತಾಡೋರು, ಮಕ್ಕಳ ಹತ್ರ ಪಿಸುಗುಟ್ಟೋರು. ಕೈಯಲ್ಲಿ ಬಳೆ ಇಲ್ಲ, ಬೆರಳಲ್ಲಿ ಉಂಗುರ ಇಲ್ಲ, ಗಡಿಯಾರದ ಮುಖವನ್ನ ಅಂಗೈ ಕಡೆಗೆ ತಿರುಗಿಸಿ ಕಟ್ಟೋರು. ಬರಿಗೈ ನೋಡಿದ ಊರು ಸುಮ್ಮನಿರುತ್ತಾ? ಗಂಡ ಸತ್ತಿದ್ದಾನೆ ಅಂತ ಒಬ್ಬರು, ಬಿಟ್ಟುಹೋಗಿದ್ದಾನೆ ಅಂತ ಇನ್ನೊಬ್ಬರು. ಅವರು ಬಳೆ ತೊಡದೇ ಇದ್ದದ್ದು ಹುಣ್ಣಾದ ಮೈಗೆ ತಗಲಬಾರದು ಅಂತ, ಗಡಿಯಾರ ತಿರುಗಿಸಿದ್ದು ನಾಡಿ ಎಣಿಸುವಾಗ ಮುಳ್ಳು ಕಾಣಲಿ ಅಂತ. ಅಷ್ಟು ಸರಳವಾದ ಕಾರಣ ನಮ್ಮ ಜನಕ್ಕೆ ರುಚಿಸಲ್ಲ.

ಮದುವೆ ಯಾಕಾಗಲಿಲ್ಲ ಅಂತ ಕೇಳಿದವರಿಗೆಲ್ಲ ಒಂದೊಂದು ಕತೆ ಹೇಳ್ತಿದ್ದರು. ನಮ್ಮಜ್ಜಿಗೆ ಹೇಳಿದ್ದು ಹೀಗೆ: "ಗಂಡು ನೋಡೋಕೆ ಬಂದಿದ್ದ ಅಜ್ಜಿ. ನಾಲಿಗೆ ಚಾಚಪ್ಪ, ನೋಡ್ತೀನಿ ಅಂದೆ. ಎದ್ದು ಹೋದೋನು ಇನ್ನೂ ವಾಪಸ್ ಬಂದಿಲ್ಲ." ಎದುರು ಅಂಗಡಿಯವನಿಗೆ ಜಾತಕವನ್ನ ಇಲಿ ತಿಂತು ಅಂದಿದ್ದರಂತೆ. ನಾನು ದೊಡ್ಡವಳಾದ ಮೇಲೆ ಕೇಳಿದಾಗ "ಮರೆತೇ ಹೋಯ್ತು ಮರಿ" ಅಂದರು. ಆ ಮೂರರಲ್ಲಿ ಯಾವುದು ನಿಜ ಅಂತ ನನಗಿನ್ನೂ ಗೊತ್ತಿಲ್ಲ. ಯಾವುದೂ ಅಲ್ಲ ಅನ್ಸುತ್ತೆ.

ಈಗ ನನ್ನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಅವರ ವಿಷಯ ಹೇಳೋಕಾಗಲ್ಲ.

ನಮ್ಮದು ಕೊಡಿಗೇಹಳ್ಳಿ. ಆಗ ಅದು ಹಳ್ಳಿಯೇ. ಸ್ವಲ್ಪ ರಾಗಿ ಹೊಲ, ಸ್ವಲ್ಪ ದ್ರಾಕ್ಷಿ ತೋಟ. ಇನ್ನೂ ಹಾಲುಹಲ್ಲು ಬೀಳೋ ವಯಸ್ಸಿನಲ್ಲಿ ನನಗೆ ಇಸುಬು ಹತ್ತಿತು. ಮೊಣಕೈ ಮಡಿಕೆಯಲ್ಲಿ, ಮೊಣಕಾಲಿನ ಹಿಂದೆ, ಕತ್ತಿನ ಸುತ್ತ. ಅದು ತುರಿಸೋದು ಹೇಗೆ ಅಂತ ಅನುಭವಿಸದವರಿಗೆ ಹೇಳಿ ಪ್ರಯೋಜನ ಇಲ್ಲ. ಕೆರೀತಾ ಇದ್ದಷ್ಟು ಹೊತ್ತೂ ಸ್ವರ್ಗ, ಕೈ ತೆಗೆದ ಕ್ಷಣ ಬೆಂಕಿ. ಅದೇ ಸಮಯಕ್ಕೆ ಮನೇಲಿ ತಮ್ಮ ಹುಟ್ಟಿದ. ಬಹಳ ಹರಕೆ ಹೊತ್ತು ಹುಟ್ಟಿದ ಗಂಡು ಕೂಸು. ಅಜ್ಜಿ ಅವತ್ತೇ ತೀರ್ಪು ಕೊಟ್ಟಳು. "ಈ ಉಡುಗಿ ಕೂಸಿನ್ ಅತ್ರ ಬರಬಾರ್ದು. ಬಾಣ್ತೀನೂ ಮುಟ್ಟಬಾರ್ದು. ಅಂಟ್ಕೊಂಡ್ರೆ ಏನ್ ಗತಿ?"

ಅಲ್ಲಿಗೆ ನನ್ನ ಚಾಪೆ ನಡುಮನೆಯಿಂದ ರಾಗಿ ಕೋಣೆಗೆ ಹೋಯಿತು. ಅಜ್ಜಿ ಕೆಟ್ಟವಳಲ್ಲ, ಅದನ್ನ ಹೇಳಿಬಿಡ್ತೀನಿ. ಅವಳು ಹೆತ್ತ ಕೂಸುಗಳಲ್ಲಿ ಮಣ್ಣಿಗೆ ಹೋದವೇ ಹೆಚ್ಚು. ಹೆದರಿಕೆ ಅವಳ ಕೈಯಲ್ಲಿ ಏನೇನೋ ಮಾಡಿಸ್ತು. ನನಗೆ ದಿನಾ ಹೊಂಗೆ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಬೇಕಿತ್ತು. ಅದನ್ನ ಅವ್ವನೇ ಹಚ್ಚೋಳು, ಆದರೆ ಕೈಯಿಂದಲ್ಲ. ಕೋಳಿಗರಿಯಿಂದ. ಮೈ ತಾಕದ ಹಾಗೆ ಕೂತು, ಗರಿಯನ್ನ ಬಟ್ಟಲಲ್ಲಿ ಅದ್ದಿ, ನನ್ನ ಮೈಮೇಲೆ ಸವರೋಳು. ಕಚಗುಳಿ ಆಗಿ ಮೊದಮೊದಲು ನಕ್ಕೆ. ಆಮೇಲೆ ನಗು ಬರಲಿಲ್ಲ. ಅವ್ವನ ಮುಖ ಅಷ್ಟು ಹತ್ರ ಇದ್ದೂ ಅವಳ ಕೈ ನನಗೆ ಸಿಗ್ತಿರಲಿಲ್ಲ. ಎಲ್ಲಿಗಾದರೂ ಕರ್ಕೊಂಡು ಹೋಗಬೇಕಾದರೆ ನನ್ನ ರವಿಕೆಯ ತೋಳನ್ನ ಚಿವುಟಿ ಹಿಡಿದು ನಡೆಸೋಳು. ಆ ವಯಸ್ಸಿನಲ್ಲಿ ನನಗೆ ಬೇಕಿದ್ದದ್ದು ಇಸುಬು ವಾಸಿ ಆಗೋದಲ್ಲ, ಅವ್ವನ ಪಕ್ಕ ಮಲಗೋದು. ಅದೊಂದೇ.

ಯಲಹಂಕಕ್ಕೆ ಹೆಂಗಸು ಡಾಕ್ಟ್ರು ಬಂದಿದ್ದಾರೆ ಅಂತ ಸುದ್ದಿ ಬಂತು. ಅಪ್ಪ ಹೂಂ ಅಂದ. ಹೊರಡೋ ದಿನ ಅವ್ವ ನನ್ನನ್ನ ತಯಾರು ಮಾಡಿದ ಸಂಭ್ರಮ ನೋಡಬೇಕಿತ್ತು. ನಮ್ಮ ಕಡೆ ಅದೊಂದು ಪದ್ಧತಿ. ದೇವಸ್ಥಾನಕ್ಕೂ ಡಾಕ್ಟ್ರ ಹತ್ರಕ್ಕೂ ಕೊಳಕಾಗಿ ಹೋಗಬಾರದು. ಮಗು ಗಲೀಜಾಗಿದ್ದರೆ ಡಾಕ್ಟ್ರು ಏನಂದ್ಕೊಂಡಾರು, ಹೆತ್ತವಳಿಗೆ ಮರ್ಯಾದೆ ಬೇಡವೇ? ಬಿಸಿನೀರು ಹಾಕಿ ಮೈ ತೊಳೆದು, ಗರಿಯಲ್ಲೇ ಕೊಬ್ಬರಿ ಎಣ್ಣೆ ಸವರಿ, ಪೌಡರು ಹಾಕಿ, ದೃಷ್ಟಿಬೊಟ್ಟು ಇಟ್ಟು, ಕೆಂಪು ರೇಷ್ಮೆ ಲಂಗ ಉಡಿಸಿ, ಜಡೆಗೆ ಹೂವು ಮುಡಿಸಿದಳು. ಪೌಡರಿಗೂ ಒಂದು ಹಳೇ ಬಟ್ಟೆಯ ಉಂಡೆ ಇತ್ತು, ಕೈ ತಾಕಲಿಲ್ಲ. ಬಳ್ಳಾರಿ ರಸ್ತೆಯವರೆಗೆ ನಡೆದು, ಬಸ್ಸು ಹತ್ತಿ ಹೋದೆವು.

ಡಾಕ್ಟ್ರಮ್ಮ ತೋಳು ಮಡಚಿ ನೋಡಿದರು, ಕನ್ನಡಕ ಮೇಲೆತ್ತಿ ನೋಡಿದರು. ಎಣ್ಣೆಯಲ್ಲಿ ಮೈ ಮಿರಮಿರ ಮಿಂಚ್ತಿದೆ. ನಾನೋ ರಾಗಿಮುದ್ದೆಯ ಬಣ್ಣ. "ಕೆಂಪು ಏನೂ ಇಲ್ಲ. ಸುಮಾರಾಗಿದೆ, ಹೆದರಬೇಡಿ" ಅಂತ ಹೇಳಿ, ಗುಲಾಬಿ ಬಣ್ಣದ ಒಂದು ನೀರೌಷಧಿ ಕೊಟ್ಟು ಕಳಿಸಿದರು.

ಅದೇ ನನಗೆ ಮುಳುವಾಯ್ತು. ಮನೆಗೆ ಬಂದ ತಕ್ಷಣ ಅಜ್ಜಿ, "ನೋಡ್ದಾ? ಡಾಕ್ಟ್ರೇ ಏನೂ ಇಲ್ಲ ಅಂದವ್ರೆ. ಅಂಗಾದ್ರೆ ಇದು ಕಾಯಿಲೆ ಅಲ್ಲ, ನಾಗರ ದೋಸ" ಅಂದಳು. ಕಾಯಿಲೆ ಆಗಿದ್ದರೆ ವಾಸಿ ಆಗೋವರೆಗೆ ದೂರ ಇಟ್ಟರೆ ಸಾಕು. ದೋಷ ಅಂದರೆ ಪೂಜೆ ಆಗಬೇಕು, ಪೂಜೆಗೆ ದಿನ ಬರಬೇಕು, ಅಲ್ಲಿವರೆಗೂ ಹುಡುಗಿ ರಾಗಿ ಕೋಣೆಯಲ್ಲೇ. ಅವ್ವ ಒಂದು ಸಲ ಬಾಯಿಬಿಟ್ಟು, "ಮಗ ಒಂಟಿಯಾಗ್ ಮಲ್ಗಿ ಅಳ್ತದೆ ಅತ್ತೆ" ಅಂದದ್ದಕ್ಕೆ, "ಎತ್ತೋರ್ಗೆ ಎಗ್ಗಣ ಮುದ್ದು ಅಂತಾರೆ, ಸರಿ. ಆ ಕೂಸು ಯಾರ್ದು, ಅದೂ ನಿಂದೇ ಅಲ್ವಾ?" ಅಂತ ಅಜ್ಜಿ ಬಾಯಿ ಮುಚ್ಚಿಸಿದಳು. ಅವ್ವನ ಪಾಲಿಗೆ ಎರಡೂ ಅವಳದೇ.

ಅದಾಗಿ ಕೆಲವು ವಾರಕ್ಕೆ ನಮ್ಮ ಪಕ್ಕದ ಮನೆ ಹೆಂಗಸಿಗೆ ಹೆರಿಗೆ ಕಷ್ಟ ಆಗಿ ಡಾಕ್ಟ್ರಮ್ಮನನ್ನ ಗಾಡಿ ಕಟ್ಟಿ ಕರೆಸಿದರು. ಹೆರಿಗೆ ಆಯ್ತು, ಬೆಳಗಾಯ್ತು. ಅವರು ಕೈ ತೊಳ್ಕೊಂಡು ಬೀದಿಗೆ ಬರೋದಕ್ಕೂ ನಾನು ರಾಗಿ ಕೋಣೆಯಿಂದ ಎದ್ದು ಜಗಲಿಗೆ ಬರೋದಕ್ಕೂ ಸರಿಹೋಯ್ತು. ಎಣ್ಣೆ ಇಲ್ಲ, ಪೌಡರು ಇಲ್ಲ. ಹಳೇ ಲಂಗ ಮೊಣಕಾಲಿನ ಹಿಂದೆ ಹುಣ್ಣಿಗೆ ಅಂಟಿಕೊಂಡಿತ್ತು. ಬಿಡಿಸಿಕೊಂಡರೆ ಉರೀತದೆ ಅಂತ ಕಾಲು ಮಡಿಚ್ಕೊಂಡೇ ಕುಂಟ್ತಿದ್ದೆ. ಕತ್ತು ಬೂದಿ ಬಣ್ಣಕ್ಕೆ ತಿರುಗಿ ಆನೆಯ ಚರ್ಮದ ಹಾಗೆ ದಪ್ಪ ಆಗಿತ್ತು.

ಅವರು ನಿಂತುಬಿಟ್ಟರು. "ನೀನು ಆ ಕೆಂಪು ಲಂಗದ ಮಗು ಅಲ್ವಾ?" ಅಂದರು.

ನಾನು ಹೂಂಗುಟ್ಟಿದೆ. ಅವರು ಜಗಲಿ ಮೇಲೆ ಕೂತು ನನ್ನ ಕೈ ಹಿಡ್ಕೊಂಡು ಉಗುರು ನೋಡಿದರು. ನನ್ನ ಉಗುರು ಫಳಫಳ ಅಂತಿತ್ತು. ಮೈ ಕೆರೆದು ಕೆರೆದು, ಚರ್ಮಕ್ಕೆ ಉಜ್ಜಿ ಉಜ್ಜಿ ಕನ್ನಡಿ ಆಗಿತ್ತು. ಹಿಂದಿನ ಸಲ ನೋಡಿದ್ದರೂ ಎಣ್ಣೆ ಹೊಳಪು ಅಂದ್ಕೊಂಡಿದ್ದರೋ ಏನೋ. ಆಮೇಲೆ ಕೇಳಿದರು, "ರಾತ್ರಿ ಯಾರ ಪಕ್ಕ ಮಲಗ್ತೀಯ ಮರಿ?"

"ರಾಗಿ ಮೂಟೆ ಪಕ್ಕ" ಅಂದೆ. ನಿಜ ಹೇಳಿದೆ, ಅಷ್ಟೇ. ಅದರಲ್ಲಿ ದುಃಖಪಡೋಕೆ ಏನಿದೆ ಅಂತಲೂ ನನಗೆ ಆಗ ಗೊತ್ತಿರಲಿಲ್ಲ. ಆದರೆ ಅವರು ಹಿಡಿದ ಕೈ ಬಿಡಲಿಲ್ಲ.

ಅಷ್ಟರಲ್ಲಿ ಅವ್ವ ಅಜ್ಜಿ ಇಬ್ಬರೂ ಹೊರಗೆ ಬಂದರು. ಅಪ್ಪ ತೋಟಕ್ಕೆ ಹೊರಟಿದ್ದವನು, ಮೈಲುತುತ್ತದ ಕಲೆಯಾದ ಅಂಗಿಯಲ್ಲೇ ನಿಂತ. ಡಾಕ್ಟ್ರಮ್ಮ ಎಲ್ಲರ ಮುಂದೆ ಹೇಳಿದರು, "ನಾನು ತಪ್ಪು ನೋಡಿದೆ ಕಣಮ್ಮ. ಪುಸ್ತಕದಲ್ಲಿ ಕೆಂಪು ಹುಡುಕು ಅಂತ ಬರೆದಿದೆ, ನಾನು ಕೆಂಪು ಹುಡುಕಿದೆ. ನಮ್ಮ ಮಕ್ಕಳ ಮೈಮೇಲೆ ಕೆಂಪು ಎಲ್ಲಿ ಕಾಣುತ್ತೆ? ಬೂದಿ ಕಾಣುತ್ತೆ, ಮಬ್ಬು ಕಾಣುತ್ತೆ. ಇದು ಸುಮಾರು ಅಲ್ಲ, ಬಲು ಜೋರು. ಕಣ್ಣಲ್ಲಿ ನೋಡಿದ್ದು ಸಾಲಲಿಲ್ಲ, ಕೈಯಿಟ್ಟು ನೋಡಬೇಕಿತ್ತು." ಓದಿದವರು ಹಾಗೆ ತಪ್ಪೊಪ್ಪಿಕೊಳ್ಳೋದನ್ನ ನಮ್ಮ ಬೀದಿ ಅದುವರೆಗೆ ನೋಡಿರಲಿಲ್ಲ. ಅಜ್ಜಿ ಕೂಡ ಸೆರಗು ಬಾಯಿಗೆ ಹಿಡ್ಕೊಂಡು ನಿಂತಳು.

ಅಪ್ಪನ ಅಂಗಿ ನೋಡಿ, "ತೋಟದ ಔಷಧಿ ಬಟ್ಟೇಲಿ ಈ ಮಗೂನ ಎತ್ಕೋಬೇಡಿ, ಮೈ ಕೆರಳುತ್ತೆ" ಅಂದರು.

"ನಾನು ಎತ್ಕೊಳ್ಳೋದೇ ಇಲ್ಲ ಕಣಮ್ಮ" ಅಂದ ಅಪ್ಪ. ತಾನು ಬಲು ಜಾಗರೂಕ ಅಂತ ತೋರಿಸ್ಕೊಳ್ಳೋ ಹಾಗೆ.

ಬಿಸಿನೀರು ತರಿಸಿ ಬಟ್ಟೆ ನೆನೆಸಿ ಬಿಡಿಸಿದರು. ಚೀಲದಿಂದ ನೀಲಿ ಔಷಧಿ ತೆಗೆದು ಹುಣ್ಣಿಗೆ ಹಚ್ಚಿದರು. ಆಮೇಲೆ ಅವ್ವನ ಕಡೆ ತಿರುಗಿ, "ನೀನು ದಿನಾ ಎಣ್ಣೆ ಹೇಗೆ ಹಚ್ತೀಯ? ತೋರಿಸು" ಅಂದರು. ಅವ್ವ ಒಳಗೆ ಹೋಗಿ ಬಟ್ಟಲೂ ಗರಿಯೂ ತಂದಳು. ಆ ಗರಿ ನೋಡಿದಾಗ ಅವರ ಮುಖ ಆದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಿಟ್ಟಲ್ಲ. ಯಾರೋ ತಮ್ಮ ಗುಟ್ಟು ಹೇಳಿಬಿಟ್ಟ ಹಾಗೆ. ಗರಿಯನ್ನ ತಗೊಂಡು ಬೀದಿಗೆ ಎಸೆದರು.

"ಇನ್ಮೇಲೆ ಗರಿ ಬೇಡ. ಅಂಗೈ."

"ಕೂಸು ಅದೆ ಮನೇಲಿ" ಅಂದಳು ಅಜ್ಜಿ.

"ಈ ಕೀವು ಒಣಗೋವರೆಗೆ ಕೂಸು ಸ್ವಲ್ಪ ಆ ಕಡೆ ಇರಲಿ, ತಾಯಿ ಸೋಪು ಹಾಕಿ ಕೈ ತೊಳ್ಕೊಳ್ಳಲಿ. ಆಮೇಲೆ ಅದೂ ಬೇಡ. ಇಸುಬು ಅಂಟೋದಲ್ಲ ಅಜ್ಜಿ. ಅಂಟೋ ಹಾಗಿದ್ರೆ ಮೊದಲು ನನಗೆ ಅಂಟಲಿ." ಹಾಗಂತ ನನ್ನನ್ನ ಎತ್ತಿ ತೊಡೆ ಮೇಲೆ ಕೂರಿಸ್ಕೊಂಡು, ನನ್ನ ಕತ್ತಿಗೆ ತಮ್ಮ ಕೆನ್ನೆ ಒತ್ತಿದರು. ಅವರ ಬಿಳೀ ಸೀರೆಗೆ ನೀಲಿ ಆಯ್ತು. ಆ ಕಲೆ ಕೊನೆವರೆಗೂ ಹೋಗಲಿಲ್ಲ. ಅದೇ ಸೀರೆ ಅವರು ವರ್ಷಗಟ್ಟಲೆ ಉಟ್ಟರು. ನಾನು ದವಾಖಾನೆಗೆ ಹೋದಾಗ ಕಲೆ ನೋಡಿ ಇದು ನಂದು ಅಂತ ಹೆಮ್ಮೆಪಡ್ತಿದ್ದೆ.

ಡಾಕ್ಟ್ರಮ್ಮ ಚೀಲದಿಂದ ತೆಗೆದುಕೊಟ್ಟ ಮುಲಾಮನ್ನ ಅವ್ವ ತಗೊಂಡಳು. ಮೊದಲು ಬೆರಳ ತುದಿ. ಆಮೇಲೆ ಡಾಕ್ಟ್ರಮ್ಮ ಅವಳ ಮಣಿಕಟ್ಟು ಹಿಡಿದು ಪೂರ್ತಿ ಅಂಗೈಯನ್ನ ನನ್ನ ತೋಳಿಗೆ ಇಡಿಸಿದರು. ಎಷ್ಟು ತಣ್ಣಗಿತ್ತು ಅಂದರೆ, ನನಗೆ ತುರಿಕೆ ಮರೆತೇ ಹೋಯ್ತು. ಅವ್ವ ಅಳ್ತಿದ್ದಳು. ನಾನೂ ಅತ್ತೆ. ಅಜ್ಜಿ ಒಬ್ಬಳೇ ಅಳದೆ, "ಕಾಪಿ ಕುಡೀತೀರಾ?" ಅಂತ ಕೇಳಿದಳು. ಅವಳ ಮಟ್ಟಿಗೆ ಅದೇ ರಾಜಿ.

ಅವತ್ತಿನಿಂದ ದವಾಖಾನೆಗೆ ಹೊಸ ಕಾನೂನು ಬಂತು. ಇಸುಬಿನ ಮಗೂನ ತೋರಿಸೋಕೆ ಬರೋರು ಸ್ನಾನ ಮಾಡಿಸಬಾರದು, ಎಣ್ಣೆ ಹಚ್ಚಬಾರದು, ಹಾಸಿಗೆಯಿಂದ ಎದ್ದ ಹಾಗೇ ಕರ್ಕೊಂಡು ಬರಬೇಕು, ಹೊದ್ದ ಬಟ್ಟೆಯನ್ನೂ ತರಬೇಕು. ಜನಕ್ಕೆ ಇದು ವಿಚಿತ್ರವೇ ವಿಚಿತ್ರ. ಅಟ್ಟೂರಿಂದ ಹೆಬ್ಬಾಳದವರೆಗೆ ಅವರಿಗೆ ಹೆಸರೇ ಬಿದ್ದುಹೋಯ್ತು, ಸ್ನಾನ ಬೇಡದ ಡಾಕ್ಟ್ರಮ್ಮ ಅಂತ. ಎಷ್ಟು ಹೇಳಿದರೂ ಕೆಲವರು ಕದ್ದು ಮುಖವಾದರೂ ತೊಳೆಸ್ತಿದ್ದರು. ಪೌಡರು ಘಮ ಅಂದರೆ ಸಾಕು, ಬಾಗಿಲಲ್ಲೇ ಗದರಿಸಿ, "ನಾಳೆ ಎದ್ದ ಮುಖದಲ್ಲಿ ಬನ್ನಿ" ಅಂತ ವಾಪಸ್ ಕಳಿಸೋರು.

ವಾಸಿ ಆಗ್ತಾ ಬಂದ ಕಾಲದಲ್ಲಿ ನಾನು ಅವ್ವನ ಜೊತೆ ಆಗಾಗ ಹೋಗಿ ಬೆಂಚಿನ ಮೇಲೆ ಕೂತಿರ್ತಿದ್ದೆ. ಅವರು ಬೇರೆ ಮಕ್ಕಳನ್ನ ನೋಡೋದನ್ನ ನೋಡೋದೇ ನನಗೆ ಆಟ. ಮಗು ಬಂದ ತಕ್ಷಣ ಮೈ ಮುಟ್ಟೋರಲ್ಲ. ಮೇಜಿನ ಮೇಲೆ ಹುಣಸೆಬೀಜ ಸುರಿದು, "ಇದರಲ್ಲಿ ಗುಂಡಗಿರೋದೆಲ್ಲ ನಂಗೆ ಆರಿಸಿಕೊಡು" ಅನ್ನೋರು. ಮಗು ಆರಿಸ್ತಾ ಕೂತರೆ ಇವರು ತಾಯಿಯ ಹತ್ರ ಮಳೆ ಬೆಳೆ ಮಾತಾಡೋರು. ಆಟದಲ್ಲಿ ಮುಳುಗಿದ್ದ ಕೈ ಎಷ್ಟು ಹೊತ್ತಿಗೆ ಬೀಜ ಬಿಟ್ಟು ಮೈಗೆ ಹೋಗುತ್ತೆ ಅನ್ನೋದು ಅವರ ಲೆಕ್ಕ. ಕೈ ಹೋದ ಕ್ಷಣ ಇವರು ಕಿಟಕಿ ಕಡೆ ತಿರುಗಿಬಿಡೋರು. ಮಗುವಿಗೆ ತನ್ನನ್ನ ಯಾರೋ ನೋಡ್ತಿದ್ದಾರೆ ಅನ್ನಿಸಬಾರದು. ತಾಯಿ ಏನಾದರೂ "ಕೆರ್ಕೋಬೇಡ" ಅಂದಳೋ, ಮುಗೀತು. "ಹಸಿದವನಿಗೆ ಹಸೀಬೇಡ ಅಂತೀರೇನ್ರೀ?" ಅಂತ ಏರಿ ಹೋಗೋರು.

ಆಮೇಲೆ, "ಮಗೂನ ಎತ್ತಿ ಬೆಂಚ್ ಮೇಲೆ ಕೂರಿಸಿ" ಅನ್ನೋರು. ಎಲ್ಲರೂ ಅದು ಪರೀಕ್ಷೆಗೆ ಮುಂಚಿನ ತಯಾರಿ ಅಂದ್ಕೊಳ್ಳೋರು. ಅಲ್ಲ, ಅದೇ ಪರೀಕ್ಷೆ. ಅವರು ಆಗ ಮಗುವನ್ನ ನೋಡ್ತಿರಲಿಲ್ಲ, ಎತ್ತಿದವರ ಕೈ ನೋಡ್ತಿದ್ದರು. ಮೈ ಹಿಡಿದು ಎತ್ತುತ್ತಾರೋ, ಬಟ್ಟೆ ಹಿಡಿದು ಎತ್ತುತ್ತಾರೋ. ಬಟ್ಟೆ ಹಿಡಿದರೆ ಅವರ ಮುಖ ಗಂಭೀರ ಆಗೋದು. ಆಗ ಬರೋದು ಕೊನೇ ಪ್ರಶ್ನೆ, ರಾತ್ರಿ ಯಾರ ಪಕ್ಕ ಮಲಗ್ತೀಯ? ದೊಡ್ಡವರು ಉತ್ತರ ಹೇಳೋಕೆ ಹೊರಟರೆ ಕೈ ಅಡ್ಡ ಹಿಡಿಯೋರು. ಮಗುವೇ ಹೇಳಬೇಕು.

ಇಸುಬಿನಲ್ಲಿ ಮೂರು ಜಾತಿ ಅಂತ ಅವರದೊಂದು ಮಾತಿತ್ತು. ನಿದ್ದೆ ಕೆಡಿಸದ ಇಸುಬು, ನಿದ್ದೆ ಕೆಡಿಸೋ ಇಸುಬು, ಮನೆ ಕೆಡಿಸೋ ಇಸುಬು. "ಮೊದಲನೇದಕ್ಕೆ ಎಣ್ಣೆ ಸಾಕು, ಎರಡನೇದಕ್ಕೆ ನನ್ನ ಮುಲಾಮು ಬೇಕು, ಮೂರನೇದಕ್ಕೆ ಔಷಧಿ ಮನೆಯವರ ಕೈಯಲ್ಲೇ ಇದೆ, ಅವರು ಕೊಡಬೇಕಲ್ಲ" ಅನ್ನೋರು.

ಇಷ್ಟೆಲ್ಲ ಬಲ್ಲವರು, ಸಾಯಂಕಾಲ ದವಾಖಾನೆ ಬಾಗಿಲು ಹಾಕಿದ ಮೇಲೆ ಏನು ಮಾಡ್ತಿದ್ದರು? ಜಗಲಿ ಮೇಲೆ ಕೂರ್ತಿದ್ದರು. ಒಳಗೆ ರೇಡಿಯೋ ಹಾಡ್ತಿರೋದು, ಇವರು ಹೊರಗೆ. "ಒಳಗೆ ಕೂತು ಕೇಳಬಾರದಾ?" ಅಂತ ಕೇಳಿದ್ದಕ್ಕೆ, "ಇಲ್ಲಿಂದ ಕೇಳಿದ್ರೆ ಮನೇಲಿ ಯಾರೋ ಇದ್ದ ಹಾಗಿರುತ್ತೆ" ಅಂದಿದ್ದರು. ಬೀದಿಯಲ್ಲಿ ಹೋಗೋರು ಚಪ್ಪಲಿ ಬಿಟ್ಟು ಕೈ ಮುಗೀತಿದ್ದರು, ಮುಂದೆ ಹೋಗ್ತಿದ್ದರು. ಯಾರೂ ಪಕ್ಕದಲ್ಲಿ ಕೂರ್ತಿರಲಿಲ್ಲ. ಯಾರ ಮನೆ ನಾಮಕರಣಕ್ಕೆ ಹೋದರೂ ಇದ್ದೊಂದು ಕುರ್ಚಿ ಅವರಿಗೆ. ಹೆಂಗಸರೆಲ್ಲ ಚಾಪೆ ಮೇಲೆ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತು ನಗ್ತಿದ್ದರೆ ಇವರು ಕುರ್ಚಿ ಮೇಲೆ ಒಬ್ಬರೇ, ತಟ್ಟೆ ಹಿಡ್ಕೊಂಡು. ನನ್ನನ್ನ ಅಸಹ್ಯಪಟ್ಟು ದೂರ ಇಟ್ಟಿದ್ದರು, ಅವರನ್ನ ಮರ್ಯಾದೆ ಕೊಟ್ಟು ದೂರ ಇಟ್ಟಿದ್ದರು. ದೂರ ದೂರವೇ. ನನಗೆ ಈಗ ಇದನ್ನ ನೆನೆದರೆ ನಮ್ಮ ಜನದ ಮೇಲೆ ರೇಗುತ್ತೆ.

ಒಂದು ದಿನ, ನನಗೆ ಪೂರ್ತಿ ಗುಣ ಆಗಿ, ನಡುಮನೆಯಲ್ಲಿ ಅವ್ವನ ಈ ಪಕ್ಕ ನಾನು ಆ ಪಕ್ಕ ತಮ್ಮ ಮಲಗೋಕೆ ಶುರುವಾದ ಮೇಲೆ, ನಾನು ಅವ್ವನ ಜೊತೆ ಜಂಬದಿಂದ ಆ ಸುದ್ದಿ ಹೇಳೋಕೆ ಹೋದೆ. ಅವರು ನನ್ನ ಉಗುರು ನೋಡಿ, "ಮಂಕಾಗಿದೆ. ಭೇಷ್" ಅಂದರು. ಆಗ ನಾನು ಕೇಳಿದೆ, "ನೀವು ಯಾರ ಪಕ್ಕ ಮಲಗ್ತೀರಾ ಡಾಕ್ಟ್ರಮ್ಮ?"

ಅವ್ವ ನನ್ನ ಬೆನ್ನಿಗೊಂದು ಕೊಟ್ಟಳು. ಡಾಕ್ಟ್ರಮ್ಮ ನಕ್ಕರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸ್ಕೊಂಡರು. "ನಂದು ಹಳೇ ಕೇಸು ಮರಿ. ವಾಸಿ ಆಗಲ್ಲ, ಜೋರೂ ಆಗಲ್ಲ. ಇದ್ದ ಹಾಗೇ ಇರುತ್ತೆ" ಅಂದರು.

ಆಮೇಲೆ ನಾನು ಬೆಳೆದೆ, ಶಾಲೆ ಮುಗಿಸಿದೆ. ಅರವತ್ತರ ದಶಕ ಮುಗೀತಾ ಬಂದಾಗ ನನ್ನನ್ನ ಅಟ್ಟೂರಿಗೆ ಕೊಟ್ಟರು. ಮದುವೆಗೆ ಡಾಕ್ಟ್ರಮ್ಮ ಬಂದಿದ್ದರು. ಕುರ್ಚಿ ಕೊಟ್ಟೆವು. ನಾವೂ ಅದನ್ನೇ ಮಾಡಿದೆವು ನೋಡಿ.

ಮದುವೆಯಾದ ಮೊದಲನೇ ವರ್ಷ ಅವ್ವ ನನ್ನನ್ನ ನೋಡೋಕೆ ಅಟ್ಟೂರಿಗೆ ಬಂದಿದ್ದಾಗ, ಡಾಕ್ಟ್ರಮ್ಮ ಮಲಗಿಬಿಟ್ಟಿದ್ದಾರೆ, ದವಾಖಾನೆ ಬಾಗಿಲು ಹಾಕಿದೆ ಅಂತ ಸುದ್ದಿ ಕೇಳಿದೆವು. ಮಧ್ಯಾಹ್ನ ಊಟ ಮುಗಿಸಿ ಇಬ್ಬರೂ ಹೊರಟೆವು. ಅವ್ವ ಸುಮ್ಮನೆ ಹೋಗಬಾರದು ಅಂತ ಒಂದಿಷ್ಟು ದ್ರಾಕ್ಷಿ ಕಟ್ಟಿಕೊಂಡಳು.

ಹಿಂದಿನ ಕೋಣೆ ತುಂಬ ಹಣ್ಣು. ಪರಂಗಿ, ಬಾಳೆ, ಸೀಬೆ. ಬಂದವರೆಲ್ಲ ಹೊಸ್ತಿಲ ಹತ್ರ ಇಟ್ಟು, ಕೈ ಮುಗಿದು, ಹೋಗಿದ್ದರು. ಕೆಲವು ಆಗಲೇ ಕೊಳೀತಿದ್ದವು. ಅಡುಗೆಗೆ ಬರೋ ಹೆಂಗಸು ಅವರನ್ನ ನೀರು ಕುಡಿಸೋಕೆ ಎಬ್ಬಿಸ್ತಿದ್ದಳು. ಹೆಗಲ ಮೇಲಿನ ಶಾಲು ಹಿಡಿದು ಎಬ್ಬಿಸಿದಳು, ಮೈ ಮುಟ್ಟಲಿಲ್ಲ. ಅಷ್ಟು ದೊಡ್ಡವರನ್ನ ಮುಟ್ಟೋದು ಹೇಗೆ ಅಂತ ಅವಳಿಗೆ ಸಂಕೋಚ. ಡಾಕ್ಟ್ರಮ್ಮ ಆ ಕೈಯನ್ನೇ ನೋಡ್ತಿದ್ದರು. ಅವರು ಏನು ನೋಡ್ತಿದ್ದಾರೆ ಅಂತ ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ನನ್ನ ಕಂಡು, "ಬಾ ಮರಿ, ಉಗುರು ತೋರಿಸು" ಅಂದರು. ಧ್ವನಿ ಅರ್ಧ ಆಗಿತ್ತು. ತೋರಿಸಿದೆ. "ಮಂಕು. ಭೇಷ್" ಅಂದರು. ನನ್ನ ಕೈ ಇನ್ನೂ ಅವರ ಕೈಯಲ್ಲೇ ಇತ್ತು. ನನ್ನ ಕಣ್ಣು ತಾನಾಗೇ ಅವರ ಉಗುರಿಗೆ ಹೋಯ್ತು.

ಹತ್ತೂ ಉಗುರು ಹೊಳೀತಿದ್ದವು. ಕಿಟಕಿ ಬೆಳಕು ಅದರಲ್ಲಿ ಕಾಣ್ತಿತ್ತು.

ನಾನು ನೋಡಿದ್ದನ್ನ ಅವರೂ ನೋಡಿದರು. ಕೈ ಎಳ್ಕೊಳ್ಳಲಿಲ್ಲ. "ಕಿಡ್ನಿ ಕೈಕೊಟ್ಟಿದೆ. ರಕ್ತದಿಂದ ಹೋಗಬೇಕಾದ್ದು ಹೋಗದೆ ಉಳ್ಕೊಂಡ್ರೆ ಮೈಯೆಲ್ಲ ತುರಿಸುತ್ತೆ. ಇಸುಬಲ್ಲ ಇದು, ಆದ್ರೆ ಅಣ್ಣತಮ್ಮ" ಅಂದರು.

ಏನಾದರೂ ಮಾತಾಡಬೇಕು ಅಂತ, ಹಳೇ ಸಲಿಗೆಯಲ್ಲಿ ಕೇಳಿದೆ, "ಮೂರರಲ್ಲಿ ಯಾವ ಜಾತಿ ಡಾಕ್ಟ್ರಮ್ಮ?"

"ನಿದ್ದೆ ಕೆಡಿಸೋದು" ಅಂದರು. ಸ್ವಲ್ಪ ತಡೆದು, "ಕೆಡಿಸೋಕೆ ಮನೆ ಎಲ್ಲಿದೆ?" ಅಂದರು.

ನಾನು ಮುಖ ತಿರುಗಿಸಿ ಕಿಟಕಿ ನೋಡಿದೆ. ಅವರೇ ಕಲಿಸಿದ್ದು ಅದು.

ಇಷ್ಟು ಹೊತ್ತೂ ಅವ್ವ ಹೊಸ್ತಿಲ ಹತ್ರ ದ್ರಾಕ್ಷಿ ಹಿಡ್ಕೊಂಡು ನಿಂತಿದ್ದಳು. ಅವಳೂ ಎಲ್ಲರ ಹಾಗೆ ಕೈ ಮುಗಿದು ಹೊರಡ್ತಾಳೆ ಅಂದ್ಕೊಂಡಿದ್ದೆ. ಅವಳು ದ್ರಾಕ್ಷಿಯನ್ನ ಕೆಳಗಿಟ್ಟಳು. ಅಡುಗೆ ಹೆಂಗಸನ್ನ, "ಕೊಬ್ಬರಿ ಎಣ್ಣೆ ಎಲ್ಲವ್ವಾ ಅದೆ?" ಅಂತ ಕೇಳಿ ಬಟ್ಟಲಿಗೆ ಬಗ್ಗಿಸ್ಕೊಂಡಳು. ತನ್ನ ಬಳೆಗಳನ್ನ ಒಂದೊಂದಾಗಿ ಬಿಚ್ಚಿ ಕಿಟಕಿಯಲ್ಲಿ ಇಟ್ಟಳು. ಮಂಚದ ಮೇಲೆ, ಪಕ್ಕದಲ್ಲೇ, ಕೂತಳು. ಕುರ್ಚಿ ಖಾಲಿ ಇತ್ತು, ಅದರ ಕಡೆ ನೋಡಲೂ ಇಲ್ಲ. ಡಾಕ್ಟ್ರಮ್ಮನ ತೋಳನ್ನ ಎತ್ತಿ ತನ್ನ ತೊಡೆ ಮೇಲೆ ಇಟ್ಕೊಂಡು, ಅಂಗೈ ತುಂಬ ಎಣ್ಣೆ ತಗೊಂಡು, ಹೆಗಲಿಂದ ಮಣಿಕಟ್ಟಿನವರೆಗೆ ನಿಧಾನಕ್ಕೆ ಸವರಿದಳು. ಕೆರೆದು ಕೆರೆದು ಗೀರಾಗಿದ್ದ ಮೈ.

ಡಾಕ್ಟ್ರಮ್ಮ ಕಣ್ಣು ಮುಚ್ಚಿದರು. ಮುಚ್ಚಿದ ಕಣ್ಣಲ್ಲೇ ತುಟಿ ಸ್ವಲ್ಪ ಅಲುಗಿತು.

"ಯಾಕಮ್ಮ," ಅಂದರು, "ಗರಿ ತರಲಿಲ್ವಾ?"

ಅವ್ವ ಇನ್ನಷ್ಟು ಎಣ್ಣೆ ತಗೊಂಡಳು. ಆ ತೋಳಾಯ್ತು, ಈ ತೋಳಾಯ್ತು, ಕತ್ತಾಯ್ತು. ಸ್ವಲ್ಪ ಹೊತ್ತಿಗೆ ಡಾಕ್ಟ್ರಮ್ಮನ ಉಸಿರು ಉದ್ದ ಆಯ್ತು, ಬಿಗಿಹಿಡಿದಿದ್ದ ಬೆರಳು ಸಡಿಲ ಬಿಟ್ಟವು. ನಿದ್ದೆ ಬಂದಿತ್ತು. ಹೊತ್ತು ಇಳೀತಿದೆ, ಬಸ್ಸು ತಪ್ಪುತ್ತೆ ಅಂತ ನಾನು ಸನ್ನೆ ಮಾಡಿದೆ. ಅವ್ವ ತಲೆ ಅಲ್ಲಾಡಿಸಿ, ಕಾಲು ಮೇಲೆತ್ತಿಕೊಂಡು, ಅವರ ಪಕ್ಕದಲ್ಲೇ ಮಲಗಿದಳು.